ನೋವಿಲ್ಲದ ಹುಣ್ಣು ತಾನೇ ಮಾಯವಾದರೆ ರೋಗ ಗುಣವಾದಂತಲ್ಲ

ನಮ್ಮ ಸಂಘ-ಸಂಸ್ಥೆಗಳು ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸಿದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣಿನ ಪರೀಕ್ಷೆಗೆ ಉದ್ದನೆಯ ಸಾಲು ಇರುತ್ತದೆ. ಮೊಣಕಾಲು ನೋವನ್ನು ಯಾರೂ ಮುಚ್ಚಿಡುವುದಿಲ್ಲ. ಆದರೆ ಜನನಾಂಗದಲ್ಲಿ ಹುಣ್ಣಾಗಿದೆ, ಮೂತ್ರ ಮಾಡುವಾಗ ಉರಿಯುತ್ತದೆ ಎನ್ನುವವರು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಅವರು ಓದುವುದು ಲೋಕಲ್ ರೈಲಿನ ಡಬ್ಬದಲ್ಲಿ ಅಂಟಿಸಿರುವ ‘ಗುಪ್ತರೋಗಕ್ಕೆ ಖಚಿತ ಪರಿಹಾರ’ದ ಚೀಟಿಯನ್ನು. ಅಲ್ಲಿಗೂ ಹೋಗಲು ನಾಚಿದವರು ಮೆಡಿಕಲ್ ಅಂಗಡಿಯಲ್ಲಿ ಯಾವುದೋ ಎರಡು ಮಾತ್ರೆ ಕೇಳಿ ನುಂಗುತ್ತಾರೆ.

ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕುಗಳ ದೊಡ್ಡ ಅಪಾಯ ಇರುವುದು ಇಲ್ಲಿಯೇ. ಇವುಗಳಲ್ಲಿ ಹಲವು ಗುಣವಾಗುವಂಥವು. ಆದರೆ ಲಕ್ಷಣಗಳು ಕೆಲವು ದಿನ ತೋರಿ ಮರೆಯಾಗುತ್ತವೆ, ಕೆಲವೊಮ್ಮೆ ತೋರುವುದೇ ಇಲ್ಲ. ಲಕ್ಷಣ ಹೋದರೆ ರೋಗವೂ ಹೋಯಿತೆಂದು ನಂಬಿದವರೇ ಮೋಸ ಹೋಗುತ್ತಾರೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಊರಿನಲ್ಲಿ ಹೆಂಡತಿಯನ್ನು ಬಿಟ್ಟು ಈ ನಗರದಲ್ಲಿ ದುಡಿಯುವ ತರುಣನೊಬ್ಬ. ಒಂದು ದಿನದ ತಪ್ಪು ಹೆಜ್ಜೆ. ಮೂರು ವಾರಗಳ ಬಳಿಕ ಜನನಾಂಗದ ಮೇಲೆ ಒಂದು ಗಟ್ಟಿಯಾದ ಹುಣ್ಣು. ನೋವಿಲ್ಲ, ತುರಿಕೆಯಿಲ್ಲ. ಮುಲಾಮು ಹಚ್ಚಿದ. ತಿಂಗಳೊಳಗೆ ಹುಣ್ಣು ಒಣಗಿತು. ಮುಲಾಮು ಕೆಲಸ ಮಾಡಿತೆಂದು ನೆಮ್ಮದಿಯಿಂದ ಮೇ ರಜೆಗೆ ಊರಿಗೆ ಹೋದ. ಹೆಂಡತಿ ಗರ್ಭಿಣಿಯಾದಳು. ಆ ಹುಣ್ಣು ಸಿಫಿಲಿಸ್ ರೋಗದ ಮೊದಲ ಹಂತ. ಮುಲಾಮು ಹಚ್ಚಲಿ, ಹಚ್ಚದಿರಲಿ, ಅದು ಮೂರರಿಂದ ಆರು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ರೋಗ ಮಾತ್ರ ರಕ್ತದಲ್ಲಿ ಉಳಿದು ಹೆಂಡತಿಗೂ, ಅವಳ ಮೂಲಕ ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಲ್ಲದು. ಗರ್ಭಪಾತ, ಸತ್ತ ಮಗು ಹುಟ್ಟುವುದು, ಹುಟ್ಟಿನಿಂದಲೇ ರೋಗಪೀಡಿತ ಮಗು, ಇವೆಲ್ಲ ಅದರ ಪರಿಣಾಮಗಳು. ಗರ್ಭಿಣಿಯರಿಗೆ ಮೊದಲ ಭೇಟಿಯಲ್ಲೇ ಸಿಫಿಲಿಸ್‌ನ ರಕ್ತಪರೀಕ್ಷೆ ಮಾಡಿಸುವುದು ಇದಕ್ಕಾಗಿಯೇ. ಆಗಲೇ ಪತ್ತೆಯಾದರೆ ಪೆನಿಸಿಲಿನ್ ಇಂಜೆಕ್ಷನ್ ತಾಯಿ-ಮಗು ಇಬ್ಬರನ್ನೂ ಕಾಪಾಡುತ್ತದೆ.

ಯಾವ ರೋಗ, ಎಷ್ಟು ದಿನಕ್ಕೆ?

ಸೋಂಕು ತಗುಲಿದ ದಿನಕ್ಕೂ ಲಕ್ಷಣ ಕಾಣುವ ದಿನಕ್ಕೂ ನಡುವಿನ ಅಂತರ ಒಂದೊಂದು ರೋಗಕ್ಕೆ ಒಂದೊಂದು ಬಗೆ.

ಗೊನೋರಿಯಾ ಬೇಗ ತೋರುತ್ತದೆ. ಗಂಡಸರಲ್ಲಿ ಸಾಮಾನ್ಯವಾಗಿ ಎರಡರಿಂದ ಏಳು ದಿನಗಳಲ್ಲಿ ಮೂತ್ರದ್ವಾರದಿಂದ ಹಳದಿ ಕೀವು, ಮೂತ್ರ ಮಾಡುವಾಗ ಉರಿ. ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಯಾವ ಸೂಚನೆಯೂ ಇರುವುದಿಲ್ಲ.

ಕ್ಲಾಮಿಡಿಯಾ ಒಂದರಿಂದ ಮೂರು ವಾರ ತೆಗೆದುಕೊಳ್ಳುತ್ತದೆ. ತೆಳು ಸ್ರಾವ, ಸ್ವಲ್ಪ ಉರಿ, ಅಷ್ಟೇ. ಹೆಚ್ಚಿನವರಿಗೆ, ಅದರಲ್ಲೂ ಹೆಂಗಸರಿಗೆ, ಏನೂ ತಿಳಿಯುವುದೇ ಇಲ್ಲ.

ಹರ್ಪಿಸ್ ಎರಡರಿಂದ ಹನ್ನೆರಡು ದಿನಗಳಲ್ಲಿ ಸಣ್ಣ ನೀರ್ಗುಳ್ಳೆಗಳ ಗುಂಪಾಗಿ ಕಾಣಿಸಿಕೊಳ್ಳುತ್ತದೆ. ಒಡೆದರೆ ತುಂಬಾ ನೋವು. ಒಣಗಿದ ಮೇಲೂ ಮತ್ತೆ ಮರುಕಳಿಸಬಹುದು. ಪೂರ್ತಿ ಹೋಗಲಾಡಿಸುವ ಔಷಧ ಇಲ್ಲದಿದ್ದರೂ ಹತೋಟಿಯಲ್ಲಿಡುವ ಮಾತ್ರೆಗಳಿವೆ.

ಸಿಫಿಲಿಸ್‌ಗೆ ಹತ್ತರಿಂದ ತೊಂಬತ್ತು ದಿನ, ಸರಾಸರಿ ಮೂರು ವಾರ. ಹುಣ್ಣು ಮಾಯ್ದ ಕೆಲವು ವಾರಗಳ ಬಳಿಕ ಮೈಮೇಲೆ, ಮುಖ್ಯವಾಗಿ ಅಂಗೈ-ಅಂಗಾಲುಗಳಲ್ಲಿ, ತುರಿಕೆಯಿಲ್ಲದ ದದ್ದುಗಳು ಬರುತ್ತವೆ. ಜ್ವರ ಇರಬಹುದು, ಕೂದಲು ಉದುರಬಹುದು. ಇದೂ ತಾನಾಗಿ ಹೋಗುತ್ತದೆ. ಚಿಕಿತ್ಸೆ ಪಡೆಯದ ಕೆಲವರಲ್ಲಿ ಹತ್ತಿಪ್ಪತ್ತು ವರ್ಷಗಳ ಮೇಲೆ ಹೃದಯ, ಮೆದುಳು, ನರಗಳಿಗೆ ಪೆಟ್ಟು ಬೀಳುತ್ತದೆ.

ಜನನಾಂಗದ ನರೂಲಿಗಳು ವಾರಗಳಿಂದ ಹಿಡಿದು ಹಲವು ತಿಂಗಳುಗಳ ನಂತರವೂ ಕಾಣಿಸಬಹುದು. ಇದಕ್ಕೆ ಕಾರಣ ಎಚ್‌ಪಿವಿ ವೈರಸ್. ಇದೇ ಕುಟುಂಬದ ಬೇರೆ ತಳಿಗಳು ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ತರುತ್ತವೆ. ಅದನ್ನು ತಡೆಯುವ ಲಸಿಕೆ ಇದೆ. ಪುಣೆಯ ಸೀರಂ ಸಂಸ್ಥೆ ತಯಾರಿಸಿದ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿತು. ಒಂಬತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳಿಗೆ ಕೊಡಿಸುವುದು ಅತ್ಯುತ್ತಮ.

ಎಚ್‌ಐವಿ ಸೋಂಕಾದ ಎರಡರಿಂದ ನಾಲ್ಕು ವಾರಗಳಲ್ಲಿ ಕೆಲವರಿಗೆ ಫ್ಲೂ ತರಹದ ಜ್ವರ, ಗಂಟಲು ನೋವು, ದದ್ದು ಬರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಅಂಥ ಜ್ವರಕ್ಕೆ ಯಾರು ಬೆಲೆ ಕೊಡುತ್ತಾರೆ? ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ಆ ಅವಧಿಯಲ್ಲೂ ರೋಗ ಇನ್ನೊಬ್ಬರಿಗೆ ಹರಡಬಲ್ಲದು.

ಹೆಂಗಸರ ಪಾಡು

ಬಿಳಿ ಸ್ರಾವವೆಲ್ಲ ಲೈಂಗಿಕ ರೋಗವಲ್ಲ. ಆದರೆ ಅದರ ಬಣ್ಣ ಅಥವಾ ವಾಸನೆ ಬದಲಾದರೆ, ಕೆಳಹೊಟ್ಟೆ ನೋಯುತ್ತಿದ್ದರೆ, ಸಂಭೋಗದಲ್ಲಿ ನೋವಿದ್ದರೆ, ಮುಟ್ಟಿನ ನಡುವೆ ರಕ್ತ ಕಂಡರೆ ವೈದ್ಯರನ್ನು ಕಾಣಲೇಬೇಕು. ಸದ್ದಿಲ್ಲದೆ ಉಳಿದ ಗೊನೋರಿಯಾ, ಕ್ಲಾಮಿಡಿಯಾಗಳು ಗರ್ಭನಾಳವನ್ನು ಮುಚ್ಚಿ ಬಂಜೆತನ ತರಬಲ್ಲವು. ಮಕ್ಕಳಾಗಲಿಲ್ಲವೆಂದು ಊರಿನಲ್ಲಿ ಹರಕೆ ಹೊರುತ್ತೇವೆ, ಆಶ್ಲೇಷಾ ಬಲಿ ಮಾಡಿಸುತ್ತೇವೆ, ಸೊಸೆಯ ಕಡೆ ಬೆರಳು ತೋರಿಸುತ್ತೇವೆ. ಸೋಂಕು ಮಗನಿಂದಲೇ ಬಂದಿರಬಹುದೆಂಬ ಯೋಚನೆ ಯಾರಿಗೂ ಬರುವುದಿಲ್ಲ. ಪೂಜೆ ಮಾಡಿಸಬಾರದೆಂದಲ್ಲ, ಗಂಡ-ಹೆಂಡತಿ ಇಬ್ಬರ ಪರೀಕ್ಷೆಯೂ ಜತೆಗೆ ಆಗಲಿ.

ಪರೀಕ್ಷೆ ಯಾವಾಗ?

ಮರುದಿನವೇ ಓಡಿಹೋಗಿ ರಕ್ತ ಕೊಟ್ಟು, ‘ನೆಗೆಟಿವ್’ ಎಂಬ ಕಾಗದ ಹಿಡಿದು ನಿಶ್ಚಿಂತರಾಗುವಂತಿಲ್ಲ. ಸೋಂಕು ಪರೀಕ್ಷೆಯಲ್ಲಿ ಕಾಣಲು ಸಮಯ ಬೇಕು. ಗೊನೋರಿಯಾ, ಕ್ಲಾಮಿಡಿಯಾಗಳಿಗೆ ಸುಮಾರು ಎರಡು ವಾರ. ಸಿಫಿಲಿಸ್ ಮತ್ತು ಎಚ್‌ಐವಿಗೆ ವೈದ್ಯರು ಹೇಳಿದಂತೆ ಮೊದಲೊಮ್ಮೆ ಮಾಡಿಸಿ, ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಿದರೆ ಖಾತ್ರಿ. ಹುಣ್ಣು, ಕೀವು ಇದ್ದರೆ ಮಾತ್ರ ಕಾಯಬೇಡಿ, ಅಂದೇ ತೋರಿಸಿ.

ಇನ್ನೊಂದು ಗಡುವು ನೆನಪಿರಲಿ. ಎಚ್‌ಐವಿ ತಗುಲಿರಬಹುದೆಂಬ ಭಯವಿದ್ದರೆ 72 ಗಂಟೆಗಳ ಒಳಗೆ ವೈದ್ಯರನ್ನು ಕಾಣಬೇಕು. ಆಗ ಆರಂಭಿಸಿ 28 ದಿನ ತೆಗೆದುಕೊಳ್ಳುವ ಮಾತ್ರೆಗಳು ಸೋಂಕನ್ನು ತಡೆಯಬಲ್ಲವು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು.

ಎಲ್ಲಿಗೆ ಹೋಗುವುದು?

ದೊಡ್ಡ ಸರಕಾರಿ ಮತ್ತು ಮಹಾನಗರಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಗುಹ್ಯರೋಗ ವಿಭಾಗವಿದೆ. ಲೈಂಗಿಕ ಸೋಂಕುಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ಗಳಿವೆ. ಎಚ್‌ಐವಿ ಪರೀಕ್ಷೆ ಐಸಿಟಿಸಿ ಕೇಂದ್ರಗಳಲ್ಲಿ ಉಚಿತ, ಆಪ್ತಸಲಹೆಯೂ ಉಂಟು. 1097 ಶುಲ್ಕರಹಿತ ಸಹಾಯವಾಣಿ. ಎಚ್‌ಐವಿಗೆ ಉಚಿತ ಔಷಧ 2004ರಿಂದಲೇ ಸರಕಾರದಿಂದ ಸಿಗುತ್ತಿದೆ. ಔಷಧ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಕಾಣದ ಮಟ್ಟದಲ್ಲೇ ಉಳಿದವರಿಂದ ಸಂಗಾತಿಗೆ ಸಂಭೋಗದ ಮೂಲಕ ಸೋಂಕು ಹರಡುವುದಿಲ್ಲ.

ಚಿಕಿತ್ಸೆಯಲ್ಲಿ ಮೂರು ಮಾತು ಮುಖ್ಯ. ವೈದ್ಯರು ಹೇಳಿದ ಔಷಧವನ್ನು ಪೂರ್ತಿ ಮುಗಿಸಿ, ಅರ್ಧಂಬರ್ಧ ಮಾತ್ರೆಯಿಂದ ಗೊನೋರಿಯಾದ ರೋಗಾಣು ಔಷಧಕ್ಕೇ ಬಗ್ಗದಂತಾಗುತ್ತದೆ. ಸಂಗಾತಿಗೂ ಚಿಕಿತ್ಸೆ ಕೊಡಿಸಿ, ಇಲ್ಲವಾದರೆ ಸೋಂಕು ಮತ್ತೆ ಮರಳುತ್ತದೆ. ವೈದ್ಯರು ಸರಿ ಎನ್ನುವ ತನಕ ಸಂಪರ್ಕ ಬೇಡ. ಇನ್ನು ಕಾಂಡೋಮ್ ಬಹುಮಟ್ಟಿಗೆ ರಕ್ಷಣೆ ಕೊಡುತ್ತದೆ, ಆದರೆ ಹರ್ಪಿಸ್, ನರೂಲಿಗಳು ಅದು ಮುಚ್ಚದ ಚರ್ಮದಿಂದಲೂ ಹರಡಬಹುದು.

ಇದು ಹೊಟೇಲು ಕಾರ್ಮಿಕರ ರೋಗ, ಲಾರಿ ಚಾಲಕರ ರೋಗ ಎಂದು ಮೂಗು ಮುರಿಯುವುದು ಬೇಡ. ಬ್ಯಾಂಕ್ ಅಧಿಕಾರಿ, ಉದ್ಯಮಿ, ಕಾಲೇಜು ವಿದ್ಯಾರ್ಥಿ ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಎಚ್‌ಐವಿ ಇದೆಯೆಂಬ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಅದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನೌಕರರನ್ನು ಇಟ್ಟುಕೊಂಡಿರುವ ನಮ್ಮ ಮಾಲಕ ಬಂಧುಗಳು ಇದನ್ನು ತಿಳಿದಿರಬೇಕು.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮುಂದಿನ ಆರೋಗ್ಯ ಶಿಬಿರದಲ್ಲಿ ಪರದೆ ಹಾಕಿದ ಒಂದು ಮೂಲೆ ಇರಲಿ. ಅಲ್ಲಿ ಕನ್ನಡ, ತುಳು ಬಲ್ಲ ಒಬ್ಬ ವೈದ್ಯರು, ಮಹಿಳೆಯರಿಗಾಗಿ ಒಬ್ಬ ವೈದ್ಯೆ ಕುಳಿತುಕೊಳ್ಳಲಿ. ಹೆಸರು ಬರೆದುಕೊಳ್ಳುವುದು ಬೇಡ. ಊರಿನ ಭಾಷೆಯಲ್ಲಿ ಹೇಳಿಕೊಳ್ಳಲು ಒಂದು ಜಾಗ ಸಿಕ್ಕರೆ, ರೈಲಿನ ಚೀಟಿ ಓದುವ ತರುಣ ಊರಿಗೆ ಹೊರಡುವ ಮೊದಲು ಅಲ್ಲಿಗೆ ಬಂದಾನು.