ಎಚ್ಚರವೂ ದೃಷ್ಟಿಯೂ: ಶೈಶವದ ಮಿದುಳಿನ ಬೆಳವಣಿಗೆ

ತಿರುವನಂತಪುರದ ಉತ್ತರ ಭಾಗದಲ್ಲಿರುವ ಕಳಕ್ಕೂಟಂ, 1990ರಲ್ಲಿ ಟೆಕ್ನೋಪಾರ್ಕ್ ಸ್ಥಾಪನೆಯಾದ ತರುವಾಯ, ದೂರದೇಶಗಳ ಗಡಿಯಾರಕ್ಕೆ ಹೊಂದಿಕೊಂಡು ರಾತ್ರಿಯಲ್ಲಿ ದುಡಿಯುವವರನ್ನೂ ಕಂಡಿದೆ. ಇಂತಹ ಮನೆಗಳಲ್ಲಿ ಹಿರಿಯರು ಎಚ್ಚರವಾಗಿರುವ ಹೊತ್ತು ಬೇರೆ, ಕೂಸು ಎಚ್ಚರವಾಗಿರುವ ಹೊತ್ತು ಬೇರೆ. ಹಿರಿಯರಿಗೆ ನಿದ್ರಾಭಂಗವು ಆಯಾಸದ ಪ್ರಶ್ನೆ. ಶಿಶುವಿಗಾದರೋ ಎಚ್ಚರ ನಿದ್ರೆಗಳೆರಡೂ ಮಿದುಳಿನ ರಚನೆಗೇ ಸಂಬಂಧಿಸಿದವು. ಇದು ಹೇಗೆಂಬುದನ್ನು ವಿಚಾರಿಸುವುದು ಉಚಿತವಾಗಿದೆ.

ಎಚ್ಚರವೆಂದರೆ ಕಣ್ಣು ತೆರೆದಿರುವುದಷ್ಟೇ ಅಲ್ಲ. ಮಿದುಳಿನ ಕಾಂಡದ ಜಾಲರಚನೆಯನ್ನು ಪ್ರಚೋದಿಸಿದರೆ ಮಿದುಳಿನ ವಿದ್ಯುತ್ತರಂಗಗಳು ಎಚ್ಚರದ ರೂಪವನ್ನು ತಾಳುವುವೆಂದು ಮೊರುತ್ಸಿ ಮತ್ತು ಮಾಗೂನ್ ಎಂಬ ವಿಜ್ಞಾನಿಗಳು 1949ರಲ್ಲಿ ತೋರಿಸಿಕೊಟ್ಟರು. ಈ ಕಾರ್ಯದಲ್ಲಿ ತೊಡಗುವ ರಾಸಾಯನಿಕಗಳಲ್ಲಿ ನೋರ್‌ಅಡ್ರಿನಲಿನ್ ಮತ್ತು ಅಸಿಟೈಲ್‌ಕೋಲಿನ್ ಮುಖ್ಯವಾದವು. ಮೊದಲನೆಯದನ್ನು ಸ್ರವಿಸುವ ನರಕೋಶಗಳು ಎಚ್ಚರದಲ್ಲಿ ಚುರುಕಾಗಿದ್ದು, ಸ್ವಪ್ನನಿದ್ರೆಯಲ್ಲಿ ಬಹುಮಟ್ಟಿಗೆ ಮೌನವಾಗುತ್ತವೆ. ಎರಡನೆಯದು ಎಚ್ಚರದಲ್ಲಿಯೂ ಸ್ವಪ್ನನಿದ್ರೆಯಲ್ಲಿಯೂ ಹೇರಳವಾಗಿರುತ್ತದೆ. ಕಣ್ಣಿನಿಂದ ಬಂದ ಸಂಕೇತವನ್ನು ಮಿದುಳಿನ ಒಳಗದ್ದಲದಿಂದ ಬೇರ್ಪಡಿಸಿ ಸ್ಪಷ್ಟಪಡಿಸಲು ಅಸಿಟೈಲ್‌ಕೋಲಿನ್ ನೆರವಾಗುವುದು.

ಇವುಗಳಿಗೂ ಬೆಳವಣಿಗೆಗೂ ಇರುವ ನಂಟನ್ನು ತಿಳಿಯಲು ಹ್ಯೂಬೆಲ್ ಮತ್ತು ವೀಸೆಲ್ ಇವರ ಪ್ರಯೋಗವನ್ನು ನೆನೆಯಬೇಕು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಎರಡು ಮೂರು ತಿಂಗಳು ಮುಚ್ಚಿಟ್ಟು ತೆರೆದಾಗ, ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗದ ಬಹುಪಾಲು ಕೋಶಗಳು ಆ ಕಣ್ಣಿಗೆ ಓಗೊಡಲಿಲ್ಲ. ಬೆಳೆದ ಬೆಕ್ಕಿನಲ್ಲಿ ಈ ಹಾನಿ ಕಾಣಲಿಲ್ಲ. 1963ರಲ್ಲಿ ಪ್ರಕಟವಾದ ಈ ಶೋಧನೆಯಿಂದ, ದೃಷ್ಟಿಯನ್ನು ಕಲಿಯಲು ಮಿದುಳಿಗೆ ಒಂದು ನಿಯತ ಕಾಲವುಂಟೆಂಬುದು ಸ್ಥಿರಪಟ್ಟಿತು. 1981ರಲ್ಲಿ ಇವರಿಗೆ ನೊಬೆಲ್ ಪಾರಿತೋಷಕ ಸಂದಿತು.

ನೋರ್‌ಅಡ್ರಿನಲಿನ್ ವರ್ಗದ ದ್ರವ್ಯಗಳನ್ನು ಕುಂದಿಸಿದರೆ ಈ ಮಾರ್ಪಾಡು ನಡೆಯದೆಂದು 1976ರಲ್ಲಿ ಕಸಮಟ್ಸು ಮತ್ತು ಪೆಟ್ಟಿಗ್ರೂ ಸೂಚಿಸಿದರು. 1986ರಲ್ಲಿ ಬೇರ್ ಮತ್ತು ಸಿಂಗರ್ ಇದನ್ನು ತಿದ್ದಿದರು: ಎರಡು ರಾಸಾಯನಿಕಗಳಲ್ಲಿ ಒಂದನ್ನು ಮಾತ್ರ ತೆಗೆದರೆ ಮಿದುಳಿನ ಮಾರ್ಪಡುವ ಶಕ್ತಿ ಉಳಿಯುವುದು, ಎರಡನ್ನೂ ತೆಗೆದರೆ ಕುಗ್ಗುವುದು. ಎಂದರೆ, ಬೆಳಕು ಬಿದ್ದಮಾತ್ರಕ್ಕೆ ಸಾಲದು. ಕಂಡುದನ್ನು ಮಿದುಳು ತನ್ನದಾಗಿಸಿಕೊಳ್ಳಲು ಎಚ್ಚರದ ಈ ದ್ರವ್ಯಗಳ ಅನುಮತಿಯೂ ಬೇಕು.

ಹಾಗೆಂದು ನಿದ್ರೆ ವ್ಯರ್ಥವಲ್ಲ. 2001ರಲ್ಲಿ ಫ್ರಾಂಕ್, ಇಸ್ಸಾ, ಸ್ಟ್ರೈಕರ್ ಇವರು ಮರಿಗಳ ಒಂದು ಕಣ್ಣನ್ನು 6 ಗಂಟೆ ಮುಚ್ಚಿ, ಬಳಿಕ ಕೆಲವನ್ನು 6 ಗಂಟೆ ಮಲಗಲು ಬಿಟ್ಟರು. ಕೆಲವನ್ನು ಕತ್ತಲೆಯಲ್ಲಿ ಎಚ್ಚರವಾಗಿಟ್ಟರು. ಮಲಗಿದವುಗಳಲ್ಲಿ ಮಾರ್ಪಾಡು ಬಲಗೊಂಡಿತು, ಮಲಗದವುಗಳಲ್ಲಿ ಬಲಗೊಳ್ಳಲಿಲ್ಲ. ಎಚ್ಚರವು ಬಿತ್ತುವುದನ್ನು ನಿದ್ರೆ ಬೇರೂರಿಸುವುದೆನ್ನಬಹುದು.

ಬೆಕ್ಕಿನ ಮರಿಯ ಲೆಕ್ಕವನ್ನು ಮನುಷ್ಯಶಿಶುವಿಗೆ ಹಾಗೆಯೇ ಅನ್ವಯಿಸಲಾಗದು. ರಾತ್ರಿಪಾಳಿಯ ಮನೆಯ ಮಗುವಿನ ದೃಷ್ಟಿ ಕೆಡುವುದೆಂದು ಇದರಿಂದ ಸಿದ್ಧವಾಗುವುದೂ ಇಲ್ಲ. ಆದರೆ ನಿಯತ ಕಾಲವೆಂಬುದು ಮನುಷ್ಯನಿಗೂ ಉಂಟು. ಮೆಳ್ಳೆಗಣ್ಣು ಅದೃಷ್ಟದ ಲಕ್ಷಣವೆಂದೋ, ಬೆಳೆದಂತೆ ತಾನೇ ಸರಿಹೋದೀತೆಂದೋ ಹಿರಿಯರು ಹೇಳುವ ವಾಡಿಕೆಯಿದೆ. ಮೊದಲ ಕೆಲವು ತಿಂಗಳುಗಳ ಬಳಿಕವೂ ಮೆಳ್ಳೆ ಉಳಿದರೆ, ಅಥವಾ ಪಾಪೆಯಲ್ಲಿ ಎಂದಾದರೂ ಬಿಳುಪು ಕಂಡರೆ, ತಡಮಾಡದೆ ನೇತ್ರವೈದ್ಯರಿಗೆ ತೋರಿಸತಕ್ಕದ್ದು. ಕಣ್ಣನ್ನು ಮುಂದೆಯೂ ಸರಿಪಡಿಸಬಹುದು. ಮಿದುಳು ಕಲಿಯುವ ಕಾಲ ಮಾತ್ರ ಕಾಯುವುದಿಲ್ಲ.