ಕಾಣದ ನೋವಿನ ಅಳತೆ

ಜ್ವರದ ಕಾವನ್ನು ಅಳೆಯಲು ಉಷ್ಣಮಾಪಕವುಂಟು. ದೇಹದೊಳಗಿನ ಗಡ್ಡೆಯನ್ನು ಕ್ಷಕಿರಣಗಳು ತೋರಿಸಿಕೊಡುತ್ತವೆ. ಆದರೆ ರೋಗಿಯ ಮನಸ್ಸಿನಲ್ಲಿ ಬೇರೂರಿದ ಭಯವನ್ನೂ ನಿರಾಶೆಯನ್ನೂ ಹಾಗೆ ತೋರಿಸಿಕೊಡುವ ಯಂತ್ರವಿಲ್ಲ. ಅದನ್ನು ತಿಳಿಯಬೇಕಾದರೆ ರೋಗಿಯನ್ನೇ ಕೇಳಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ ಎಂಬುದನ್ನು ವೈದ್ಯವಿಜ್ಞಾನವು ಇತ್ತೀಚಿನ ದಶಕಗಳಲ್ಲಿ ಕಂಡುಕೊಂಡಿದೆ.

ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಹೊಂದಿಕೊಂಡಿರುವ ರಂಗಂಪೇಟೆಯಂತಹ ಊರಿನಲ್ಲಿ ಒಬ್ಬರಿಗೆ ಕ್ಯಾನ್ಸರ್ ತಗಲಿದರೆ, ಚಿಕಿತ್ಸೆಗಾಗಿ ಕಲಬುರಗಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಊರು ದೂರವಾಗುತ್ತದೆ, ದುಡಿಮೆ ನಿಲ್ಲುತ್ತದೆ, ಸಾಲದ ಚಿಂತೆ ಕಾಡುತ್ತದೆ. ಎಷ್ಟೋ ಸಂದರ್ಭಗಳಲ್ಲಿ ಮನೆಯವರು ರೋಗದ ಹೆಸರನ್ನೇ ರೋಗಿಯಿಂದ ಮರೆಮಾಚುತ್ತಾರೆ. ರೋಗಿಯಾದರೋ ಮನೆಯವರು ನೊಂದಾರೆಂದು ತನ್ನ ದುಗುಡವನ್ನು ಬಚ್ಚಿಡುತ್ತಾನೆ. ಹೀಗೆ ಇಬ್ಬರ ಪ್ರೀತಿಯೂ ಮೌನಕ್ಕೆ ಕಾರಣವಾಗುತ್ತದೆ.

ಈ ಮೌನ ಅಪಾಯಕರವಾದುದು. ಕೆಟ್ಟ ಸುದ್ದಿಯನ್ನು ಕೇಳಿ ದುಃಖಪಡುವುದು ಸಹಜ. ಆದರೆ ಎರಡು ವಾರಗಳಿಗೂ ಮೀರಿ ಮನಸ್ಸು ಕುಗ್ಗಿಯೇ ಇದ್ದು, ಯಾವುದರಲ್ಲಿಯೂ ಆಸಕ್ತಿ ಉಳಿಯದೆ, ದಿನದ ಬದುಕೇ ಕದಡಿಹೋದರೆ ಅದು ಖಿನ್ನತೆಯಾಗಿರಬಹುದು. ಖಿನ್ನತೆಗೆ ಒಳಗಾದವನು ಚಿಕಿತ್ಸೆಯನ್ನು ನಡುವೆಯೇ ಬಿಟ್ಟುಬಿಡುವ ಸಂಭವ ಹೆಚ್ಚು. ಗುಣಪಡಿಸಬಹುದಾದ ಮನೋವ್ಯಾಧಿಯೊಂದು ಗುಣವಾಗಬಹುದಾಗಿದ್ದ ದೇಹವ್ಯಾಧಿಗೂ ಅಡ್ಡಿಯಾಗಿ ನಿಲ್ಲುತ್ತದೆ.

ಆದರೆ ಖಿನ್ನತೆಯನ್ನು ಗುರುತಿಸುವಲ್ಲಿ ಒಂದು ತೊಡಕಿದೆ. ಹಸಿವಿಲ್ಲದಿರುವುದು, ನಿದ್ರೆ ಕೆಡುವುದು, ಆಯಾಸ, ತೂಕ ಇಳಿಯುವುದು ಇವೆಲ್ಲ ಖಿನ್ನತೆಯ ಲಕ್ಷಣಗಳು. ಇವೇ ಕ್ಯಾನ್ಸರಿನಿಂದಲೂ ಅದರ ಔಷಧಗಳಿಂದಲೂ ಉಂಟಾಗಬಹುದು. ಯಾವುದು ಯಾವುದರಿಂದ ಬಂದಿತೆಂದು ತಿಳಿಯುವುದೆಂತು? 1983ರಲ್ಲಿ ಇಂಗ್ಲೆಂಡಿನ ಜಿಗ್ಮಂಡ್ ಮತ್ತು ಸ್ನೈತ್ ಎಂಬ ವೈದ್ಯರು ಆಸ್ಪತ್ರೆಯ ರೋಗಿಗಳಿಗಾಗಿಯೇ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಅದರಲ್ಲಿ 14 ಅಂಶಗಳಿವೆ. 7 ಆತಂಕಕ್ಕೆ, 7 ಖಿನ್ನತೆಗೆ ಸಂಬಂಧಿಸಿದವು. ಹಸಿವು, ತೂಕ ಮೊದಲಾದ ದೇಹದ ದೂರುಗಳನ್ನು ಅವರು ಉದ್ದೇಶಪೂರ್ವಕವಾಗಿ ಕೈಬಿಟ್ಟರು. ಮೊದಲು ಹಿತವೆನಿಸುತ್ತಿದ್ದುದು ಈಗಲೂ ಹಿತವೆನಿಸುವುದೇ, ಕಾರಣವಿಲ್ಲದೆ ದಿಗಿಲಾಗುವುದೇ ಎಂಬಂತಹ ಸಂಗತಿಗಳನ್ನೇ ಕೇಳಿದರು. ಪ್ರತಿ ಉತ್ತರಕ್ಕೂ 0ಯಿಂದ 3ರವರೆಗೆ ಅಂಕ. ಎರಡು ಭಾಗಗಳಲ್ಲಿ ಯಾವುದರಲ್ಲಾದರೂ 11 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ತಜ್ಞರ ಗಮನ ಅಗತ್ಯವೆಂದು ಎಣಿಸಲಾಗುತ್ತದೆ.

ಇದಕ್ಕಿಂತಲೂ ಸರಳವಾದ ಸಾಧನವೊಂದು 1990ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಅದು ಉಷ್ಣಮಾಪಕದ ಒಂದು ಚಿತ್ರ. ಅದರ ಮೇಲೆ 0ಯಿಂದ 10ರವರೆಗೆ ಗೆರೆಗಳು. ಕಳೆದ ಒಂದು ವಾರದಲ್ಲಿ ಅನುಭವಿಸಿದ ಸಂಕಟ ಎಷ್ಟೆಂಬುದನ್ನು ರೋಗಿಯು ಬೆರಳಿಟ್ಟು ತೋರಿಸಿದರೆ ಸಾಕು. ಬೆರಳು 4ನ್ನು ಮುಟ್ಟಿದರೆ ಅಥವಾ ದಾಟಿದರೆ ಮುಂದಿನ ವಿಚಾರಣೆ ನಡೆಯುತ್ತದೆ.

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯೂ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯೂ ನೆರೆಹೊರೆಯಲ್ಲಿವೆ. ಈ ನೆರೆತನ ರೋಗಿಗಳಿಗೆ ಉಪಕಾರಿಯಾಯಿತು. ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ ಕ್ಯಾನ್ಸರ್ ರೋಗಿಗಳ ಆತಂಕವನ್ನೂ ಖಿನ್ನತೆಯನ್ನೂ ಇಲ್ಲಿನ ತಜ್ಞರು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಪರದೇಶದ ಪ್ರಶ್ನೆಗಳನ್ನು ಶಬ್ದಶಃ ಭಾಷಾಂತರಿಸಿದ ಮಾತ್ರಕ್ಕೆ ಅವು ನಮ್ಮ ಜನರ ಮನಸ್ಸನ್ನು ಮುಟ್ಟಲಾರವು. ಸುರಪುರದ ಕಡೆಯ ರೋಗಿಯು ‘ನನಗೆ ಖಿನ್ನತೆಯಿದೆ’ ಎನ್ನುವುದಿಲ್ಲ. ‘ಎದಿ ಭಾರ ಆಗ್ಯಾದ್ರಿ, ಯಾತರಾಗೂ ಮನಸಿಲ್ರಿ’ ಎನ್ನುತ್ತಾನೆ. ಆ ಮಾತಿನ ಅರ್ಥವನ್ನು ಹಿಡಿಯಬಲ್ಲವರೇ ಕೇಳಬೇಕು. ಬಂಧುಗಳ ಎದುರಿನಲ್ಲಿ ಬಾಯಿಬಿಡದವನು ಏಕಾಂತದಲ್ಲಿ ಮಾತನಾಡಬಹುದು.

ಇಂತಹ ಪ್ರಶ್ನಾವಳಿ ಒಂದು ಜರಡಿ ಇದ್ದಂತೆ. ಜರಡಿಯು ಬೇರ್ಪಡಿಸುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ. ಹೆಚ್ಚು ಅಂಕ ಪಡೆದವರೆಲ್ಲರೂ ಮನೋರೋಗಿಗಳಲ್ಲ. ಕಡಿಮೆ ಅಂಕ ಪಡೆದವರೆಲ್ಲರೂ ನೆಮ್ಮದಿಯಿಂದ ಇದ್ದಾರೆಂದೂ ಅಲ್ಲ. ಆದುದರಿಂದ ಒಮ್ಮೆ ಕೇಳಿ ಬಿಡದೆ, ರೋಗ ಪತ್ತೆಯಾದಾಗ, ಚಿಕಿತ್ಸೆಯ ನಡುವೆ, ಅದು ಮುಗಿದ ಮೇಲೆ ಮತ್ತೆ ಮತ್ತೆ ಕೇಳಬೇಕು. ನಿರ್ಣಯವನ್ನು ತಜ್ಞರೇ ಮಾಡಬೇಕು.

ಕೇಳಿದ ಮೇಲೆ ನೆರವು ದೊರೆಯದಿದ್ದರೆ ಕೇಳಿಯೂ ಫಲವಿಲ್ಲ. ಆಪ್ತಸಲಹೆ, ನೋವಿನ ಶಮನ, ಅಗತ್ಯವಿದ್ದರೆ ಔಷಧ ಇವುಗಳಿಂದ ಖಿನ್ನತೆಯೂ ಆತಂಕವೂ ಹಿಡಿತಕ್ಕೆ ಬರುತ್ತವೆ. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ ತರಬೇತಿಯನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನೀಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯಿಂದಾಗಿ, 14416 ಎಂಬ ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ. ರಂಗಂಪೇಟೆಯ ಮನೆಯಿಂದಲೂ ಈ ನೆರವನ್ನು ಕೋರಬಹುದು.

‘ಧೈರ್ಯವಾಗಿರು’ ಎಂದು ರೋಗಿಗೆ ಹೇಳುವುದು ಸುಲಭ. ‘ಮನಸ್ಸಿಗೆ ಹೇಗಿದೆ?’ ಎಂದು ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕಾಯುವುದು ಕಷ್ಟ. ಆದರೆ ಚಿಕಿತ್ಸೆ ಪ್ರಾರಂಭವಾಗುವುದು ಆ ಪ್ರಶ್ನೆಯಿಂದಲೇ.