ಎಂ.ಜಿ.ಬಿ. ಕಾರಿನ ಗೇರುಪೆಟ್ಟಿಗೆ: ಸಂರಕ್ಷಣೆಯ ಒಂದು ಸಮಸ್ಯೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತಗಳಷ್ಟೇ ಅಲ್ಲ. ಯಂತ್ರವೂ ಒಂದು ಆಕರವೇ. ಆದರೆ ಯಂತ್ರವನ್ನು ಉಳಿಸಿದ ಮಾತ್ರಕ್ಕೆ ಅದನ್ನು ನಡೆಸುವ ಕೌಶಲ ಉಳಿಯುವುದಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಸ್ಪೋರ್ಟ್ಸ್ ಕಾರಿನ ಆರಂಭದ ಗೇರುಪೆಟ್ಟಿಗೆ ಇದಕ್ಕೆ ಉತ್ತಮ ನಿದರ್ಶನ.

ಈ ಪೆಟ್ಟಿಗೆಯಲ್ಲಿ ಮುನ್ನಡೆಗೆ ನಾಲ್ಕು ಗೇರುಗಳುಂಟು. ಮೇಲಿನ ಮೂರಕ್ಕೆ ಸಿಂಕ್ರೋಮೆಷ್ ವ್ಯವಸ್ಥೆಯಿದೆ: ತಾಮ್ರಮಿಶ್ರ ಲೋಹದ ಬಳೆಯೊಂದು ಗೇರಿನ ಶಂಕುವಿನಾಕಾರದ ಮೈಗೆ ಉಜ್ಜಿ, ಎರಡು ಭಾಗಗಳ ವೇಗವನ್ನು ಸಮಗೊಳಿಸಿದ ಬಳಿಕವೇ ಹಲ್ಲುಗಳು ಕೂಡುತ್ತವೆ. ಒಂದನೆಯ ಗೇರಿಗೆ ಈ ಸೌಲಭ್ಯವಿಲ್ಲ. 1967ರಲ್ಲಿ ಬಂದ ಎರಡನೆಯ ಮಾದರಿಯಲ್ಲಿ ಮಾತ್ರ ಅದು ನಾಲ್ಕಕ್ಕೂ ದೊರೆಯಿತು. ಆದುದರಿಂದ ಹಳೆಯ ಕಾರು ಚಲಿಸುತ್ತಿರುವಾಗ ಒಂದನೆಯ ಗೇರಿಗೆ ಇಳಿಯಬೇಕಾದರೆ ಚಾಲಕನೇ ವೇಗವನ್ನು ಸಮಗೊಳಿಸಬೇಕು: ಕ್ಲಚ್ಚನ್ನು ಒತ್ತಿ ಗೇರನ್ನು ಬಿಡಿಸಿ, ಕ್ಲಚ್ಚನ್ನು ಬಿಟ್ಟು ಎಂಜಿನ್ನಿನ ವೇಗವನ್ನು ಏರಿಸಿ, ಮತ್ತೆ ಕ್ಲಚ್ಚನ್ನೊತ್ತಿ ಗೇರು ಹಾಕಬೇಕು.

ಇದನ್ನರಿಯದೆ ಬಲವಂತಪಡಿಸಿದರೆ ಹಲ್ಲುಗಳು ಮುಕ್ಕಾಗುತ್ತವೆ. ಎರಡನೆಯ ಗೇರಿಗೆ ಇಳಿಯುವಾಗ ಕರಕರ ಸದ್ದು ಕೇಳಿದರೆ ಬಳೆ ಸವೆದಿರಬಹುದೆಂದು ಊಹಿಸಬೇಕು. ಎಣ್ಣೆಯನ್ನು ಬದಲಿಸುವಾಗ ಅದರಲ್ಲಿ ಉಕ್ಕಿನ ಚೂರುಗಳಿವೆಯೇ ಎಂದು ಪರೀಕ್ಷಿಸುವುದು ಯುಕ್ತ. ತಯಾರಕರು ಈ ಪೆಟ್ಟಿಗೆಗೆ ಸೂಚಿಸಿದ್ದು ಎಂಜಿನ್ನಿಗೆ ಹಾಕುವ ಎಣ್ಣೆಯನ್ನೇ ಎಂಬುದನ್ನೂ ಮರೆಯಬಾರದು.

ಇಂದು ಐದು ಗೇರುಗಳ ಬೇರೊಂದು ಪೆಟ್ಟಿಗೆಯನ್ನು ಅಳವಡಿಸುವ ಸುಲಭಮಾರ್ಗವೂ ಉಂಟು. ಚಾಲನೆಗೆ ಅದು ಹಿತಕರವೇ. ಆದರೆ ಹಳೆಯ ಪೆಟ್ಟಿಗೆಯೊಡನೆ, ಆ ಕಾಲದ ಚಾಲಕನ ಕೈಕಾಲುಗಳು ಕಲಿತಿದ್ದ ವಿದ್ಯೆಯ ಸಾಕ್ಷ್ಯವೂ ಕಳೆದುಹೋಗುವುದು. ಬದಲಿಸುವವರು ಹಳೆಯದನ್ನು ಗುಜರಿಗೆ ಹಾಕದೆ ಜೋಪಾನವಾಗಿರಿಸಿದರೆ, ಮುಂದಿನವರು ಆ ಸಾಕ್ಷ್ಯವನ್ನು ಮತ್ತೆ ಪರಿಶೀಲಿಸಬಹುದು.